ಜೂನ್ ಒಂದರಂದು ಹುಟ್ಟಿದವರು

ಎರಡನೇ ಶನಿವಾರದ ರಜೆ ಸರ್ಕಾರಿ ನೌಕರರಿಗೆ ಇದೆ, ಲಿಂಬೆಹಣ್ಣಿಗಿಲ್ಲ. 2008ರ ಆಗಸ್ಟ್ ತಿಂಗಳ ಅಂಥದೊಂದು ಶನಿವಾರ ಮಧ್ಯಾಹ್ನ ಸುವರ್ಣಾ ಇಂಡಿ ಪಟ್ಟಣದ ದಲಾಲಿ ಅಂಗಡಿಯೊಂದರ ಮುಂದೆ ಕುಳಿತು, ದಪ್ಪ ಕಾಯಿ ಒಂದು ಕಡೆ, ಸಣ್ಣ ಕಾಯಿ ಒಂದು ಕಡೆ ಆರಿಸುತ್ತಿದ್ದಳು. ಟೆಂಪೊ ಜೈನುದ್ದೀನ ಬಂದು ಎದುರಿಗೆ ನಿಂತ. ಮಾತಾಡದೆ ನಿಂತ. ಜೈನುದ್ದೀನ ಮಾತಾಡದೆ ನಿಂತನೆಂದರೆ ಯಾರೋ ಸತ್ತಿರಬೇಕು, ಇಲ್ಲ ಅವನ ಗಾಡಿ ಪಲ್ಟಿಯಾಗಿರಬೇಕು ಎಂದು ಇಂಡಿ-ಸಿಂದಗಿ ರಸ್ತೆಯ ಮಂದಿಗೆಲ್ಲ ಗೊತ್ತು.

"ಏನಾತು ಕಾಕಾ?"

"ನಿನ್ನ ತಮ್ಮಗ ಪೊಲೀಸ್ರು ಹಿಡ್ದಾರವಾ. ಬೇವಿನಮಟ್ಟಿ ಕ್ರಾಸಿನ್ಯಾಗ. ಆ ಪರಮಾನಂದನ ಕಂಪ್ಯೂಟರ್ ಅಂಗಡಿ ಮ್ಯಾಲೆ ರೇಡ್ ಆಗೇತಿ."

"ಯಾತಕ್ಕ?"

"ಜೂಜು."

"ಅರುಣ ಇಸ್ಪೀಟ್ ಎಲಿ ಮುಟ್ಟಾಂವ ಅಲ್ಲ."

"ಎಲಿ ಆಟ ಅಲ್ಲ. ಕಂಪ್ಯೂಟರಿನ್ಯಾಗ ಚಕ್ರ ತಿರಗತೈತಂತ, ಗೋಲಿ ಓಡತೈತಂತ. ಹೊರದೇಶದ ಆಟ." ಜೈನುದ್ದೀನ ಅವಳ ಮುಖ ನೋಡಿ ಧೈರ್ಯ ಹೇಳಲು ಹೊರಟ. "ನೀ ಅಂಜಬ್ಯಾಡ. ಫೌಜದಾರ ಏನ್ ಹೇಳ್ಯಾನ ಗೊತ್ತೈತೇನು? ಹದಿನೆಂಟರ ಒಳಗಿನ ಹುಡುಗರ್ನ ಅವ್ವ-ಅಪ್ಪ ಬಂದು ಕರ್ಕೊಂಡು ಹೋಗ್ಲಿ, ದೊಡ್ಡಾವ್ರಿಗೆ ಅಷ್ಟ ಕೇಸು ಅಂದಾನ. ನಾ ಯಂಕಂಚಿಗೆ ಫೋನ್ ಹಚ್ಚಿ ನಿಮ್ಮವ್ವಗ ಸುದ್ದಿ ಮುಟ್ಟಿಸೇನಿ. ಹಡದಾಕಿ ಬಂದು ಹುಡುಗಗ ಹದಿನೇಳು ಅಂದ್ರ ಮುಗೀತು."

ಸುವರ್ಣಾಳ ಕೈಯಲ್ಲಿದ್ದ ಕಾಯಿ ದಪ್ಪದ ಗುಂಪಿಗೆ ಹೋಗಬೇಕಾದದ್ದು ಸಣ್ಣದರ ಗುಂಪಿಗೆ ಹೋಯಿತು.

"ಅವ್ವಗ ಹೇಳಿದ್ಯಾ?" ಅಂದಳು. "ಅವ್ವಗ ಯಾಕ ಹೇಳಿದಿ, ಕಾಕಾ?"

ಉಪಕಾರ ಮಾಡಿ ಬೈಸಿಕೊಂಡ ಜೈನುದ್ದೀನ ಬಾಯಿ ತೆರೆದು ನಿಂತ. ಅವನಿಗೆ ತಿಳಿಯದೆ ಇದ್ದದ್ದರಲ್ಲಿ ತಪ್ಪಿಲ್ಲ. ತಿಳಿಯಬೇಕಾದರೆ ನಮ್ಮ ಕಡೆಯ ಹುಟ್ಟುಹಬ್ಬದ ಲೆಕ್ಕಾಚಾರ ತಿಳಿಯಬೇಕು.

ನಮ್ಮ ಕಡೆ ಪ್ರತಿಯೊಬ್ಬನೂ ಎರಡು ಸಲ ಹುಟ್ಟುತ್ತಾನೆ. ಒಮ್ಮೆ ತಾಯಿಯ ಹೊಟ್ಟೆಯಲ್ಲಿ, ಇನ್ನೊಮ್ಮೆ ಸಾಲಿ ಮಾಸ್ತರನ ಪೆನ್ನಿನಲ್ಲಿ. ಸಾಲಿ ಸುರುವಾಗುವುದು ಜೂನ್ ಒಂದಕ್ಕೆ. ಕೂಸು ಯಾವಾಗ ಹುಟ್ಟಿತು ಎಂದು ಮಾಸ್ತರ ಕೇಳಿದರೆ ತಾಯಂದಿರು ಜೋಳ ತೆನೆ ಕಟ್ಟಿದಾಗ, ಹೊಳೆ ಬಂದಾಗ, ಎಮ್ಮೆ ಈದ ಮರುವಾರ ಎಂದು ಹೇಳುವವರು. ಮಾಸ್ತರ ಎಷ್ಟೆಂದು ತಲೆ ಕೆಡಿಸಿಕೊಂಡಾನು? ಭರ್ತಿ ಮಾಡಿಕೊಳ್ಳಲು ಎಷ್ಟು ವಯಸ್ಸು ಬೇಕೋ ಅಷ್ಟು ಹಿಂದಕ್ಕೆ ಎಣಿಸಿ ಜೂನ್ ಒಂದು ಎಂದು ಗೀಚುತ್ತಿದ್ದ. ಹೀಗಾಗಿ ನಮ್ಮಲ್ಲಿ ತಹಶೀಲ್ದಾರನೂ ಜೂನ್ ಒಂದು, ಅವನ ಜವಾನನೂ ಜೂನ್ ಒಂದು, ಅವರಿಬ್ಬರಿಗೂ ಸಾಲ ಕೊಡುವ ಬ್ಯಾಂಕಿನವನೂ ಜೂನ್ ಒಂದು. ಆ ಒಂದು ದಿನ ನಮ್ಮ ಸೂಲಗಿತ್ತಿಯರು ನೀರಾದರೂ ಕುಡಿದರೋ ಇಲ್ಲವೋ.

ಸುವರ್ಣಾಳ ತಮ್ಮ ಅರುಣಕುಮಾರ ಹುಟ್ಟಿದ್ದು ಎಳ್ಳಮಾಸಿಯ ದಿನ, ಚಳಿಗಾಲದ ಎಳ್ಳು ಅಮಾವಾಸ್ಯೆಗೆ. ಊರೆಲ್ಲ ಹೊಲಕ್ಕೆ ಹೋಗಿ ಬೆಳೆಗೆ ಚರಗದ ಎಡೆ ಚೆಲ್ಲಿ ಊಟಕ್ಕೆ ಕುಳಿತಾಗ ತಾಯಿ ಗುಂಡವ್ವನಿಗೆ ಬೇನೆ ಕಾಣಿಸಿತು. ಗೌಸಬಿ ಎಂಬ ಸೂಲಗಿತ್ತಿ ಬಂದು ಮುಟ್ಟುವ ಹೊತ್ತಿಗೆ ಅರ್ಧ ಕೆಲಸ ಬನ್ನಿ ಗಿಡದ ಕೆಳಗೇ ಆಗಿತ್ತು. ಕೂಲಿಗೆ ಹೋಗುವವಳಿಗೆ ಮನೆಯಲ್ಲಿ ಮಗು ನೋಡಿಕೊಳ್ಳುವವರು ಯಾರು? ಹಲ್ಲು ಪೂರ್ತಿ ಬರುವ ಮೊದಲೇ ಅವನನ್ನು ಸಾಲಿಗೆ ನೂಕಿದರು. ಮಾಸ್ತರ ಒಂದೂವರೆ ವರ್ಷ ಹೆಚ್ಚಿಗೆ ಸೇರಿಸಿ ಜೂನ್ ಒಂದು ಬರೆದ. ಕಾಗದದಲ್ಲಿ ಅರುಣನಿಗೆ ಈಗ ಹತ್ತೊಂಬತ್ತು. ತಾಯಿಯ ಲೆಕ್ಕದಲ್ಲಿ ಬರುವ ಎಳ್ಳಮಾಸಿಗೆ ಹದಿನೆಂಟು.

ಅಪ್ಪ ಭೀಮಶ್ಯಾ ಸಿಂದಗಿಯ ಒಂದು ಸರ್ಕಾರಿ ಕಚೇರಿಯಲ್ಲಿ ಜವಾನನಾಗಿದ್ದ. ನೌಕರಿಯಲ್ಲಿದ್ದಾಗಲೇ ಸತ್ತ. ಅನುಕಂಪದ ನೌಕರಿ ಎಂಬುದು ಆಗ ಆ ಮನೆಗೆ ಬಂತು. ಸುವರ್ಣಾ ಪಿಯುಸಿ ಓದಿದವಳು, ಆದರೆ ಮದುವೆಯಾದ ಮಗಳಿಗೆ ಅಪ್ಪನ ನೌಕರಿ ಇಲ್ಲ ಎಂದರು. ಗುಂಡವ್ವನಿಗೆ ಹೆಬ್ಬೆಟ್ಟು ಬಿಟ್ಟರೆ ಬೇರೆ ಸಹಿ ಇಲ್ಲ. ಉಳಿದವನು ಅರುಣ. ಅರ್ಜಿಗೆ ಗಡುವು ಇತ್ತು, ಹದಿನೆಂಟು ತುಂಬಿರಬೇಕೆಂಬ ಷರತ್ತೂ ಇತ್ತು. ಕಾಗದದಲ್ಲಿ ತುಂಬಿತ್ತು. ಈ ಯುಗಾದಿಯ ಮುಂದೆ ಆರ್ಡರ್ ಬಂತು. ಅಪ್ಪನ ಖಾಕಿ ಅಂಗಿಯನ್ನು ದರ್ಜಿಯ ಹತ್ತಿರ ಸಣ್ಣ ಮಾಡಿಸಿ ಹಾಕಿಕೊಂಡು ಹುಡುಗ ಕಚೇರಿಯ ಬಾಗಿಲಲ್ಲಿ ನಿಂತ. ಆ ಮನೆಗೆ ಈಗಿರುವ ಆಧಾರ ಆ ಅಂಗಿ ಒಂದೇ.

ಈಗ ಗುಂಡವ್ವ ಮಗನನ್ನು ಬಿಡಿಸಲು ಹೊರಟಿದ್ದಾಳೆ. ಠಾಣೆಯಲ್ಲಿ ನಿಂತು, ನನ್ನ ಮಗನಿಗೆ ಹದಿನೇಳು ಎಂದು ಫೌಜದಾರನ ಮುಂದೆ ಹೇಳುತ್ತಾಳೆ. ಅವನು ಅದನ್ನು ಬರೆದುಕೊಳ್ಳುತ್ತಾನೆ. ಮಗ ಮನೆಗೆ ಬರುತ್ತಾನೆ, ನೌಕರಿ ಬರುವುದಿಲ್ಲ.

"ಕಾಕಾ, ಗಾಡಿ ತೆಗಿ. ಅವ್ವನಕಿಂತ ಮದಲ ನಾ ಅಲ್ಲಿ ಮುಟ್ಟಬೇಕು," ಅಂದಳು ಸುವರ್ಣಾ.

ಟೆಂಪೊ ಎಂಬ ವಾಹನ ತುಂಬದೆ ಹೊರಡುವುದಿಲ್ಲ, ಹೊರಟ ಮೇಲೆ ನಿಲ್ಲದೆ ಇರುವುದಿಲ್ಲ. ಜೈನುದ್ದೀನ ಆ ದಿನ ಅರ್ಧ ಖಾಲಿ ಗಾಡಿಯನ್ನೇ ತೆಗೆದ, ಅದು ಅವನ ದೊಡ್ಡ ಮನಸ್ಸು. ಆದರೂ ಕೈ ಮಾಡಿದಲ್ಲೆಲ್ಲ ಅವನ ಕಾಲು ತಾನೇ ಬ್ರೇಕಿನ ಮೇಲೆ ಹೋಗುತ್ತಿತ್ತು. ಒಬ್ಬಳು ಎರಡು ಆಡುಗಳನ್ನು ಹತ್ತಿಸಿದಳು. ಇನ್ನೊಬ್ಬ ಹತ್ತುವ ಮೊದಲು ಬಾಡಿಗೆ ಚೌಕಾಸಿ ಮಾಡಿದ. ಸುವರ್ಣಾ ಮುಂದಿನ ಸೀಟಿನಲ್ಲಿ ಕುಳಿತು ಹಲ್ಲು ಕಚ್ಚಿದಳು. ಜೈನುದ್ದೀನನ ಮೊಬೈಲಿನಿಂದ ಯಂಕಂಚಿಯ ಕಿರಾಣಿ ಅಂಗಡಿಗೆ ಹಚ್ಚಿದಳು.

"ನಮ್ಮವ್ವಗ ಸ್ವಲ್ಪ ಕರೀರಿ."

"ಆಕಿ ಆಗಳೆ ಹ್ವಾದಳವಾ," ಅಂದ ಅಂಗಡಿಯವ. "ಹಾಲಿನ ಗಾಡಿ ಹತ್ತಿ ಹ್ವಾದಳು. ಗೌಸಬಿನ್ನೂ ಜೋಡಿ ಕರ್ಕೊಂಡಾಳ. ಸಾಕ್ಷಿ ಬೇಕಂತ."

ಸುವರ್ಣಾ ಫೋನು ತಿರುಗಿ ಕೊಟ್ಟಳು. ತಾಯಿಯ ಜಾಣತನದ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು. ಏನೂ ತಿಳಿಯದ ಹೆಂಗಸಾಗಿದ್ದರೆ ಅಳುತ್ತ ಒಬ್ಬಳೇ ಬರುತ್ತಿದ್ದಳು. ಇವಳು ಸಾಕ್ಷಿಯನ್ನು ಕಟ್ಟಿಕೊಂಡು ಬರುತ್ತಿದ್ದಾಳೆ.

ಬೇವಿನಮಟ್ಟಿ ಕ್ರಾಸಿನಲ್ಲಿ ಇರುವುದು ಎರಡು ಚಹಾದ ಅಂಗಡಿ, ಒಂದು ಪಂಕ್ಚರ್ ಅಂಗಡಿ, ಪೊಲೀಸರ ಒಂದು ಹೊರಠಾಣೆ, ಮತ್ತೆ ಪರಮಾನಂದನ ಕಂಪ್ಯೂಟರ್ ಸೆಂಟರ್. ಝೆರಾಕ್ಸ್, ಟೈಪಿಂಗ್, ಇಂಟರನೆಟ್ ಎಂದು ಬೋರ್ಡು. ಒಳಗೆ ಪ್ಲೈವುಡ್ಡಿನ ಗೋಡೆಯಾಚೆ ನಿಜವಾದ ವ್ಯಾಪಾರ. ಆಟದ ಚಕ್ರ ಇರುವುದು ಸಮುದ್ರದಾಚೆಯ ಯಾವುದೋ ನಡುಗಡ್ಡೆಯಲ್ಲಿ. ಅಲ್ಲಿಯ ಧಣಿಗಳೂ ಕಾಯ್ದೆಯ ಮಂದಿಯೇ, ಇಂತಿಂಥ ದೇಶದವರು ಮಾತ್ರ ಆಡಬೇಕು, ಹದಿನೆಂಟು ತುಂಬಿದವರು ಮಾತ್ರ ಆಡಬೇಕು ಎಂದು ಮೊದಲ ಪುಟದಲ್ಲೇ ಬರೆದಿದ್ದರು. ಆ ದೇಶಗಳ ಪಟ್ಟಿಯಲ್ಲಿ ನಮ್ಮ ದೇಶ ಇರಲಿಲ್ಲ. ಪರಮಾನಂದ ತಲೆ ಓಡಿಸಿ ಎಲ್ಲರನ್ನೂ ಮಾರಿಷಸ್ಸಿನ ಪ್ರಜೆಗಳನ್ನಾಗಿ ಮಾಡಿದ. ಮಾರಿಷಸ್ ಎಲ್ಲಿದೆ ಎಂದು ಅವರಲ್ಲಿ ಒಬ್ಬನಿಗೂ ಗೊತ್ತಿರಲಿಲ್ಲ, ಒಬ್ಬನಂತೂ ಅದು ಮೀರಜದ ಹತ್ತಿರ ಇರಬೇಕೆಂದು ತಿಳಿದಿದ್ದ. ವಯಸ್ಸಿನ ಜಾಗದಲ್ಲಿ ಎಲ್ಲರೂ ತಮಗೆ ಬಾಯಿಪಾಠವಿದ್ದ ತಾರೀಕು ಹೊಡೆದರು. ಒಂದೇ ಅಂಗಡಿಯಿಂದ, ಒಂದೇ ತಾರೀಕಿಗೆ ಹುಟ್ಟಿದ ಮಾರಿಷಸ್ಸಿನವರು ಒಬ್ಬರ ಹಿಂದೆ ಒಬ್ಬರು ಬಂದಾಗ ನಡುಗಡ್ಡೆಯವರಿಗೂ ಗುಮಾನಿ ಬಂತು. ನೀವೆಲ್ಲ ಒಬ್ಬನೇ ಮನುಷ್ಯನೇ ಎಂದು ಕೇಳಿ ಕಳಿಸಿದರು. ನಾವು ಅಣ್ಣತಮ್ಮಂದಿರು ಎಂದು ಪರಮಾನಂದ ಉತ್ತರ ಕೊಟ್ಟ.

ಅರುಣ ಮೊದಲ ದಿನ ಅಲ್ಲಿ ತನ್ನ ಎಳ್ಳಮಾಸಿಯ ತಾರೀಕನ್ನೇ ಹಾಕಿದ್ದ. ನಿನಗೆ ಇಲ್ಲಿ ಪ್ರವೇಶವಿಲ್ಲ ಎಂದು ಕೆಂಪಕ್ಷರ ಬಂತು. ಅವನನ್ನು ನೀನಿನ್ನೂ ಹುಡುಗ, ಮನೆಗೆ ಹೋಗು ಎಂದದ್ದು ಅಪ್ಪ ಸತ್ತ ಮೇಲೆ ಆ ಜೂಜಿನ ಕಟ್ಟೆ ಒಂದೇ. ಕಚೇರಿ ಹೇಳಲಿಲ್ಲ, ಮನೆ ಹೇಳಲಿಲ್ಲ. ಪರಮಾನಂದ ಹಿಂದಿನಿಂದ ಬಗ್ಗಿ, ಸಾಲಿ ತಾರೀಕು ಹಾಕೋ ಹುಚ್ಚಾ ಎಂದು ಕಲಿಸಿದ. ಆಟದಲ್ಲಿ ಅರುಣ ದೊಡ್ಡದಾಗಿ ಗೆದ್ದವನೂ ಅಲ್ಲ, ಸೋತವನೂ ಅಲ್ಲ. ವಾರವಿಡೀ ಚಹಾ ತಾ, ಫೈಲು ಒಯ್ಯಿ ಎನ್ನಿಸಿಕೊಂಡವನಿಗೆ ರಜೆಯ ದಿನ ಗೋಲಿ ಓಡುವುದನ್ನು ನೋಡುತ್ತ ಕೂರುವುದು ಹಿತವಾಗಿತ್ತು. ಪಾಪ, ಗೋಲಿ ಆಡುವ ವಯಸ್ಸು ಕೈ ಬಿಟ್ಟುಹೋಗಿ ಬಹಳ ದಿನವೇನೂ ಆಗಿರಲಿಲ್ಲ.

ಸುವರ್ಣಾ ಟೆಂಪೊ ಇಳಿದಾಗ ಹೊರಠಾಣೆಯ ಕಟ್ಟೆಯ ಮೇಲೆ ಕಂಪ್ಯೂಟರುಗಳ ಟಿವಿಯಂಥ ಮುಂಭಾಗಗಳನ್ನು ಸಾಲಾಗಿ ಇಟ್ಟಿದ್ದರು. ಜೂಜಿನ ಸಾಮಾನು ಜಪ್ತಿ ಮಾಡಬೇಕೆಂದು ಅವನ್ನಷ್ಟೇ ಹೊತ್ತು ತಂದಿದ್ದರು. ಆಟವೆಲ್ಲ ಅಡಗಿರುವ ಸಿಪಿಯು ಡಬ್ಬಿಗಳು ಅಂಗಡಿಯಲ್ಲೇ ಉಳಿದಿದ್ದವು. ಪಕ್ಕದಲ್ಲಿ ಸಿಕ್ಕವರು ಗೋಡೆಗೆ ಬೆನ್ನು ಹಚ್ಚಿ ನೆಲದ ಮೇಲೆ ಕುಳಿತಿದ್ದರು. ಕಡೆಗೆ ಅರುಣ. ಖಾಕಿ ಇಲ್ಲದೆ, ಹಳದಿ ಬನಿಯನ್ನಿನಂಥ ಅಂಗಿಯಲ್ಲಿ ಅವನು ಇನ್ನಷ್ಟು ಸಣ್ಣವನಾಗಿ ಕಂಡ.

ತಾಯಿ ಇನ್ನೂ ಬಂದಿರಲಿಲ್ಲ. ಸುವರ್ಣಾಳಿಗೆ ಉಸಿರು ಬಂತು.

ಒಳಕೋಣೆಯ ಬಾಗಿಲು ಮುಚ್ಚಿತ್ತು. ಒಳಗಿನಿಂದ ಚರ್ಮದ ಪಟ್ಟೆಯ ಏಟಿನ ಸಪ್ಪಳ, ಅದರ ಹಿಂದೆ ಒಬ್ಬ ಗಂಡಸು ಅಯ್ಯೋ ಎಂದದ್ದು ಕೇಳಿತು. ಆಟಕ್ಕೆ ಹಣ ತುಂಬುವವನು ಸೊಲ್ಲಾಪುರದಲ್ಲಿ ಒಬ್ಬನಿದ್ದಾನೆ, ಅವನ ಹೆಸರು ಬೇಕು ಎಂದು ಒಬ್ಬೊಬ್ಬರನ್ನೇ ಒಳಗೆ ಕರೆಯುತ್ತಿದ್ದರು. ಬಾಗಿಲು ತೆರೆದು ಒಬ್ಬ ಹೊರಗೆ ಬಂದ, ಗೋಡೆ ಹಿಡಿದುಕೊಂಡೇ ಕುಳಿತ. ಪೇದೆ ಮುಂದಿನವನನ್ನು ಎಬ್ಬಿಸಿದ. ಅವನಾದ ಮೇಲೆ ಇನ್ನೊಬ್ಬ, ಆಮೇಲೆ ಅರುಣ.

ಅಷ್ಟರಲ್ಲಿ ಶ್ರೀಶೈಲಪ್ಪ ಎಂಬ ಕಿರಾಣಿ ವ್ಯಾಪಾರಿ ಮೋಟರ್‌ಸೈಕಲ್ಲಿನಲ್ಲಿ ಬಂದ. ಮಗ ಅನೀಲಕುಮಾರನಿಗೆ ಎಲ್ಲರ ಮುಂದೆ ಒಂದು ಕಪಾಳಕ್ಕೆ ಬಿಟ್ಟು, ಹದಿನಾರು ವರ್ಷದ್ದು ಕತ್ತೆ ಎಂದು ಹೇಳಿ ಸಹಿ ಮಾಡಿ, ಹಿಂದೆ ಕೂರಿಸಿಕೊಂಡು ಹೋದ. ಚಹಾ ಆರುವಷ್ಟು ಹೊತ್ತು ಹಿಡಿಯಲಿಲ್ಲ. ಅರುಣ ಆ ಗಾಡಿ ರಸ್ತೆಯಲ್ಲಿ ಮರೆಯಾಗುವ ತನಕ ನೋಡಿದ.

"ಸುವರ್ಣಾ, ಇಲ್ಲಿ ಬಾ."

ಕರೆದವನು ಚನ್ನಬಸಯ್ಯ, ಅರುಣನ ಕಚೇರಿಯ ಹೆಡ್ ಕ್ಲರ್ಕ್. ಅನುಕಂಪದ ಫೈಲನ್ನು ಮೇಜಿನಿಂದ ಮೇಜಿಗೆ ನೂಕಿ ಆರ್ಡರ್ ಮಾಡಿಸಿದವನು ಅವನೇ. ಭೀಮಶ್ಯಾನ ಮೇಲಿನ ವಿಶ್ವಾಸಕ್ಕೆ ಮಾಡಿದ, ಚಹಾ ಕೂಡ ಕುಡಿಯಲಿಲ್ಲ. ಈಗ ರೇಡಿನ ಸುದ್ದಿ ಕೇಳಿ ಓಡಿ ಬಂದು, ಚಹಾದ ಅಂಗಡಿಯ ಹಿಂದೆ ನಿಂತು ಹೆಗಲ ಮೇಲಿನ ವಸ್ತ್ರದಿಂದ ಪದೇ ಪದೇ ಕುತ್ತಿಗೆ ಒರೆಸಿಕೊಳ್ಳುತ್ತಿದ್ದ.

"ನಿಮ್ಮವ್ವ ಎಲ್ಲಿ?"

"ಬರಾಕತ್ತಾಳ್ರಿ, ಅಯ್ಯಾರ."

"ಬರಬಾರದವಾ ಆಕಿ. ಹದಿನೇಳು ಅಂತ ಆಕಿ ಬಾಯಾಗಿಂದ ಬಂದು ಕಾಗದದ ಮ್ಯಾಲೆ ಹತ್ತಿತಂದ್ರ ಮುಗೀತು. ಪೊಲೀಸ್ರು ಕಚೇರಿಗೆ ಬರದ ತಿಳಸ್ತಾರ, ಸರ್ಕಾರಿ ನೌಕರ ಅಂತ. ಹದಿನೇಳು ವರ್ಷದಾಂವ ಸರ್ಕಾರಿ ನೌಕರ ಹ್ಯಾಂಗ ಆದ ಅಂತ ಕೇಳ್ತಾರ. ಹುಡುಗನ ನೌಕರಿ ಹೋಗತೈತಿ. ಫೈಲ್ ಮ್ಯಾಲೆ ಸಹಿ ನಂದು, ನನ್ನ ನೌಕರಿನೂ ಹೋಗತೈತಿ."

"ಹತ್ತೊಂಬತ್ತು ಅಂದ್ರ?"

"ಸಣ್ಣ ಕೇಸು. ಕೋರ್ಟಿನ್ಯಾಗ ದಂಡ ಕಟ್ಟಿ ಬರ್ತಾನ. ಕಚೇರ್ಯಾಗ ಒಂದು ಮೆಮೊ ಕೊಡ್ತಾರ, ತಪ್ಪಾತು ಅಂತ ಬರಕೊಡ್ತಾನ. ಸಾಹೇಬ್ರ ಕಾಲು ನಾ ಹಿಡಿತೇನಿ. ನೌಕರಿ ಉಳೀತೈತಿ."

"ಒಳಗ ಹೊಡಿಯಾಕತ್ತಾರಲ್ರಿ."

ಚನ್ನಬಸಯ್ಯ ತನ್ನ ಚಪ್ಪಲಿ ನೋಡಿಕೊಂಡ. "ದೊಡ್ಡಾವ್ರಿಗೆ ಹೊಡಿತಾರವಾ," ಅಂದ.

ಅತ್ತ ದರಿ, ಇತ್ತ ಪುಲಿ ಎಂದು ಓದಿದ್ದಳು ಸುವರ್ಣಾ. ಓದಿದ್ದು ಬೇರೆ, ಎರಡರ ನಡುವೆ ತಮ್ಮನನ್ನು ನಿಲ್ಲಿಸಿ ನೋಡುವುದು ಬೇರೆ. ಅವಳು ಕಟ್ಟೆಯ ಹತ್ತಿರ ಹೋದಳು. ಪೇದೆ ಲಾಠಿ ಅಡ್ಡ ಹಿಡಿದ. ಅರುಣ ಕುಳಿತಲ್ಲಿಂದಲೇ ಮುಖ ಎತ್ತಿದ.

"ಅಕ್ಕಾ, ಅವ್ವ ಬರ್ತಾಳಲ್ಲ? ಅವ್ವ ಬಂದ್ರ ಬಿಡ್ತಾರಂತ. ಅನೀಲನ್ನ ಬಿಟ್ರು."

"ತಮ್ಮಾ, ಕೇಳಿದ್ರ ಸಾಲಿ ತಾರೀಕು ಹೇಳು."

"ಯಾಕ?"

"ಹೇಳು ಅಂದ್ರ ಹೇಳು."

"ಅದನ್ನ ಹೇಳಿದ್ರ ಒಳಗ ಒಯ್ತಾರಕ್ಕಾ." "ನನಗ ಹದಿನೇಳ ಐತಲ್ಲ? ಖರೇನ ಐತಲ್ಲ?"

ಪೇದೆ ಅವಳನ್ನು ದೂರ ಸರಿಸಿದ. ಒಳಗೆ ಹೋಗಿದ್ದವನು ಹೊರಗೆ ಬಂದ. ಅರುಣನ ಮೊದಲಿನವನು ಎದ್ದು ಒಳಗೆ ಹೋದ.

ಆಗಲೇ ಹಾಲಿನ ಗಾಡಿ ಬಂದು ನಿಂತದ್ದು. ಕ್ಯಾನುಗಳ ನಡುವಿನಿಂದ ಗುಂಡವ್ವ ಇಳಿದಳು, ತಿರುಗಿ ಕೈ ಕೊಟ್ಟು ಗೌಸಬಿಯನ್ನು ಇಳಿಸಿಕೊಂಡಳು. ಗೌಸಬಿ ಬುರ್ಖಾದ ಮೇಲೆ ಒಂದು ಹೊಸ ಶಾಲು ಹೊದ್ದಿದ್ದಳು, ಸಾಕ್ಷಿ ಹೇಳುವುದು ಮರ್ಯಾದೆಯ ಕೆಲಸವಲ್ಲವೇ. ಸುವರ್ಣಾ ಓಡಿದಳು. ರಸ್ತೆಯ ನಡುವೆ ಸಕ್ಕರೆ ಕಾರ್ಖಾನೆಯ ಲಾರಿಯೊಂದು ಅಡ್ಡ ಬಂತು. ಅದು ದಾಟುವಷ್ಟರಲ್ಲಿ ಕಟ್ಟೆಯ ಮೇಲಿನಿಂದ ಪೇದೆ ಕೂಗಿದ್ದ:

"ಅರುಣಕುಮಾರನ ತಾಯಿ ಯಾರ್ರಿ? ಲಗೂನ ಬರ್ರಿ, ಇವನ್ನ ಈಗ ಒಳಗ ಕಳಸಾವ್ರದೇವಿ."

"ನಾನ್ರೀ, ಬಂದ್ನಿ," ಎಂದು ಗುಂಡವ್ವ ಸೀರೆ ಎತ್ತಿ ಹಿಡಿದು ಓಡಿದಳು. ಮಗಳ ಕಡೆಗೆ ನೋಡಲೇ ಇಲ್ಲ. ಸುವರ್ಣಾ ಬೆನ್ನ ಹಿಂದೆ, ಚನ್ನಬಸಯ್ಯ ಅವಳ ಬೆನ್ನ ಹಿಂದೆ.

ಮುಂಭಾಗದ ಕೋಣೆಯಲ್ಲಿ ಫೌಜದಾರ ಮಲ್ಲಣ್ಣ ಕುಳಿತಿದ್ದ, ಪಕ್ಕದಲ್ಲಿ ಬರೆಯುವ ಪೇದೆ. ಮಲ್ಲಣ್ಣ ಕೆಟ್ಟವನಲ್ಲ. ಬೆಳಗಿನಿಂದ ಒಂದು ಚಕ್ರ ಎಲ್ಲಿ ತಿರುಗುತ್ತದೆ ಎಂದು ತಿಳಿಯಲು ಒದ್ದಾಡಿ ಸುಸ್ತಾಗಿದ್ದ. ಅರುಣನನ್ನು ಎದುರಿಗೆ ನಿಲ್ಲಿಸಿದ್ದರು. ತಾಯಿಯನ್ನು ಕಂಡದ್ದೇ ಅವನು ಕಣ್ಣೊರೆಸಿಕೊಂಡ.

"ಏನ್ ಯವ್ವಾ, ಮಗನ ವಯಸ್ಸು ಎಷ್ಟು?"

"ಹದಿನೇಳ್ರಿ ಸಾಹೇಬ್ರ. ಬರೂ ಎಳ್ಳಮಾಸಿಗೆ ಹದಿನೆಂಟು."

"ನಾನ ಹೊಕ್ಕಳ ಕೊಯ್ದಾಕಿ," ಅಂದಳು ಗೌಸಬಿ, ಕೇಳುವ ಮೊದಲೇ. "ಬನ್ನಿ ಗಿಡದ ಬುಡಕ ಹುಟ್ಟ್ಯಾನ. ಅಲ್ಲಾನ ಸಾಕ್ಷಿ."

ಮಲ್ಲಣ್ಣನ ಮುಖ ಸಡಿಲಾಯಿತು. "ಹುಡುಗನ್ನ ಕರ್ಕೊಂಡು ಹೋಗ್ರಿ. ಇನ್ನೊಮ್ಮೆ ಇಲ್ಲಿ ಕಂಡ್ರ ನಿಮಗೂ ಬಿಡಂಗಿಲ್ಲ. ಹದಿನೇಳು ಅಂತ ಬರಕೋ," ಎಂದು ಪಕ್ಕದವನಿಗೆ ಹೇಳಿದ. ಪೆನ್ನು ಕಾಗದದ ಮೇಲೆ ಹರಿಯಿತು. "ಏನ್ ಮಾಡ್ತಾನ ಇಂವಾ? ಕಾಲೇಜೇನು?"

ಗುಂಡವ್ವ ಹೆಮ್ಮೆಯಿಂದ ಉಸಿರೆಳೆದುಕೊಂಡಳು. ಸರ್ಕಾರಿ ನೌಕರಿ ಎಂದು ಅವಳ ಬಾಯಿಂದ ಬರುವುದರಲ್ಲಿತ್ತು.

"ಬರಕೋಬ್ಯಾಡ್ರಿ," ಅಂದಳು ಸುವರ್ಣಾ. "ನಮ್ಮವ್ವಗ ಗೊತ್ತಿಲ್ರಿ, ಸಾಹೇಬ್ರ. ಆಕಿ ತಪ್ಪು ಹೇಳಾಕತ್ತಾಳ."

ಎಲ್ಲರೂ ಅವಳ ಕಡೆಗೆ ತಿರುಗಿದರು.

"ನೀ ಯಾರು?"

"ಇವನ ಅಕ್ಕರಿ. ಇವಗ ಹತ್ತೊಂಬತ್ತು. ನಮ್ಮಪ್ಪನ ನೌಕರಿ ಇವಗ ಬಂದೈತ್ರಿ. ಹದಿನೆಂಟು ತುಂಬದ ಸರ್ಕಾರ ಯಾರಿಗರೆ ನೌಕರಿ ಕೊಡತೈತೇನ್ರಿ?" ಫೌಜದಾರನಿಗೆ ಹೇಳುತ್ತ ಅವಳು ತಾಯಿಯನ್ನು ನೋಡಿದಳು. "ಹದಿನೇಳು ಅಂದ್ರ ಅಪ್ಪನ ನೌಕರಿ ಇರತೈತೇನ್ರಿ?"

ಗುಂಡವ್ವನಿಗೆ ಕೇಳಿಸಿದ್ದು ಒಂದೇ, ತನ್ನ ಮಗಳು ತನಗೆ ಗೊತ್ತಿಲ್ಲ ಅಂದದ್ದು.

"ಏನ್ ಹುಚ್ಚಿ ಹಾಂಗ ಮಾತಾಡ್ತಿ, ಸುವರ್ಣಿ? ಹಡದಾಕಿ ನಾನು. ನನಗ ಗೊತ್ತಿಲ್ಲೇನು?"

ಮಲ್ಲಣ್ಣ ಪೆನ್ನಿನವನಿಗೆ ಕೈ ಮಾಡಿ ತಡೆದ. ಅವನ ಕಣ್ಣು ಸಣ್ಣವಾದವು. "ಹತ್ತೊಂಬತ್ತು ಅಂತಿ. ಹುಟ್ಟಿದ ತಾರೀಕು?"

"ಜೂನ್ ಒಂದ್ರಿ."

ಮಲ್ಲಣ್ಣ ಸಣ್ಣಗೆ ನಕ್ಕ. "ಒಳಗ ಹೋಗಿ ಬಂದಾವ್ರೆಲ್ಲ ಅದನ್ನ ಹೇಳ್ಯಾರ. ನಂದೂ ಅದ ತಾರೀಕು." ನಗು ಬೇಗ ಹೋಯಿತು. "ಸಾಲಿ ಮಾತು ಬಿಡು. ಹಡದಾಕಿ ಎಳ್ಳಮಾಸಿ ಅಂತಾಳ, ಸೂಲಗಿತ್ತಿ ಹೌದಂತಾಳ. ಅವರಿಬ್ಬರೂ ಸುಳ್ಳೇನು? ಯೋಚನೆ ಮಾಡಿ ಹೇಳು. ಹತ್ತೊಂಬತ್ತು ಅಂದ್ರ ಇಂವಾ ಆ ಬಾಗಲದಾಗ ಹೋಗ್ತಾನ."

ಆ ಬಾಗಿಲ ಹಿಂದಿನಿಂದ ಪಟ್ಟೆಯ ಸಪ್ಪಳ ಬಂತು. ಅರುಣ ಹೆಗಲು ಕುಗ್ಗಿಸಿದ. ಸುವರ್ಣಾಳಿಗೆ ಬಿಟ್ಟುಬಿಡೋಣ, ತಮ್ಮನನ್ನು ಕರೆದುಕೊಂಡು ಹೋಗೋಣ ಎನಿಸಿತು. ಹಿಂದೆ ಚನ್ನಬಸಯ್ಯನ ಉಸಿರು ಕೇಳುತ್ತಿತ್ತು. ಅವನು ದೇವರ ಹೆಸರು ಗುನುಗುತ್ತಿದ್ದ. ಆ ಖಾಕಿ ಅಂಗಿ ಹೋದರೆ ತಾಯಿ ಮತ್ತೆ ಕಂಡವರ ಹೊಲದಲ್ಲಿ ಬಗ್ಗಬೇಕು, ಹುಡುಗ ಕಬ್ಬು ಕಡಿಯಲು ಹೋಗಬೇಕು. ಒಂದು ದಿನದ ಏಟು ಮಾಯುತ್ತದೆ ಎಂದುಕೊಂಡಳು.

"ಸುಳ್ಳಲ್ರಿ, ಮರತಾಳ," ಅಂದಳು. "ಎಳ್ಳಮಾಸಿಗೆ ಹುಟ್ಟಿದ್ದು ಇಂವಾ ಅಲ್ರಿ. ಅದು ಬ್ಯಾರೆ ಕೂಸು. ಅದು ಸತ್ತತ್ರಿ. ಅಪ್ಪ ಹ್ವಾದ ಮ್ಯಾಲಿಂದ ನಮ್ಮವ್ವಗ ಎರಡೂ ಕೂಸು ಕಲಸ್ಯಾವ್ರಿ."

ಒಂದು ಕೂಸು ಸತ್ತದ್ದು ನಿಜ. ಸುವರ್ಣಾಳ ನಂತರ ಒಂದು ಗಂಡು ಹುಟ್ಟಿ, ತೊಟ್ಟಿಲಿಗೆ ಹಾಕುವ ಮೊದಲೇ ಹೋಗಿತ್ತು. ಆದರೆ ಅದು ಹುಟ್ಟಿದ್ದೂ ಹೋದದ್ದೂ ಬಿರುಬೇಸಿಗೆಯಲ್ಲಿ. ಆ ಕೂಸಿನ ಮಾತನ್ನು ಆ ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಗುಂಡವ್ವನೂ ಎತ್ತುತ್ತಿರಲಿಲ್ಲ. ಇವತ್ತು ಅದನ್ನು ಪೊಲೀಸರ ಮುಂದೆ ತಂದು ಹಾಕಿದವಳು ಹೊಟ್ಟೆಯ ಮಗಳು.

"ಯಾ ಅಲ್ಲಾ," ಅಂದಳು ಗೌಸಬಿ, ಮೆಲ್ಲಗೆ. ಎರಡೂ ಹೆರಿಗೆ ಮಾಡಿಸಿದವಳು ಅವಳು.

"ನೀ ಹೇಳು, ಮುದುಕಿ," ಅಂದ ಮಲ್ಲಣ್ಣ. "ಯಾವ್ದು ಯಾವಾಗ?"

ಗೌಸಬಿ ಸುವರ್ಣಾಳನ್ನು ನೋಡಿದಳು, ಚನ್ನಬಸಯ್ಯನ ಬೆವರನ್ನು ನೋಡಿದಳು, ಆಮೇಲೆ ಶಾಲಿನ ತುದಿಯನ್ನು ಬೆರಳಿಗೆ ಸುತ್ತಿಕೊಂಡಳು. "ಭಾಳ ಮಂದಿ ಬಾಣಂತನ ಮಾಡೇನ್ರಿ, ಸಾಹೇಬ. ನನಗ ನೆನಪ ಉಳದಿಲ್ಲ. ಹಡದಾಕಿನ್ನ ಕೇಳ್ರಿ."

ಈಗ ಕೋಣೆಯಲ್ಲಿ ಎಲ್ಲರೂ ಗುಂಡವ್ವನನ್ನೇ ನೋಡುತ್ತಿದ್ದರು. ಅವಳಿಗೆ ಕಾಗದ ಓದಲು ಬರುತ್ತಿರಲಿಲ್ಲ. ಸರ್ಕಾರದ ಲೆಕ್ಕ, ಸಾಲಿಯ ಲೆಕ್ಕ ಯಾವುದೂ ತಿಳಿಯುತ್ತಿರಲಿಲ್ಲ. ಈ ಲೋಕದಲ್ಲಿ ಯಾರನ್ನೂ ಕೇಳದೆ, ಯಾರಿಗೂ ತೋರಿಸದೆ ಅವಳಿಗೆ ಗೊತ್ತಿದ್ದದ್ದು ತನ್ನ ಮಕ್ಕಳು ಹುಟ್ಟಿದ ಗಳಿಗೆ. ಅವಳು ಮಗಳ ಮುಖ ನೋಡಿದಳು. ಸುವರ್ಣಾ ತುಟಿ ಕಚ್ಚಿಕೊಂಡು ಅಳುತ್ತಿದ್ದಳು, ಕಣ್ಣು ತಪ್ಪಿಸಲಿಲ್ಲ. ಅವಳ ಹಿಂದೆ ಬಾಗಿಲಲ್ಲಿ ಚನ್ನಬಸಯ್ಯ. ಹೆಬ್ಬೆಟ್ಟಿಗೆ ಮಸಿ ಹಚ್ಚಿ, ಇಲ್ಲಿ ಒತ್ತವಾ, ಮಗಗ ನೌಕರಿ ಬರತೈತಿ ಎಂದವನು. ಈ ಮನುಷ್ಯ ಇಲ್ಲೇಕೆ ನಿಂತಿದ್ದಾನೆ ಎಂದು ಗುಂಡವ್ವ ಆಗ ಯೋಚಿಸಿದಳು. ಅಪ್ಪನ ನೌಕರಿ ಎಂದು ಮಗಳು ಎರಡು ಸಲ ಹೇಳಿದ ಮಾತು ಆಗ ಅವಳಿಗೆ ಕೇಳಿಸಿತು.

"ಇನ್ನೊಮ್ಮೆ ಕೇಳ್ತೇನಿ, ಯವ್ವಾ," ಅಂದ ಮಲ್ಲಣ್ಣ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಡಿಕೊಂಡಂತೆ ಇತ್ತು. "ನೀ ಏನ್ ಹೇಳ್ತಿ ಅದನ್ನ ಬರೀತೇನಿ. ನಿನ್ನ ಮಗಳ ಮಾತು ಬ್ಯಾಡ, ಸಾಲಿ ಮಾತು ಬ್ಯಾಡ. ಇಂವಾ ಎಳ್ಳಮಾಸಿಗೆ ಹುಟ್ಟಿದ್ದು ಖರೆ ಹೌದೋ ಅಲ್ಲೋ?"

ಗುಂಡವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಸಾಲ್ಯಾಗ ಬರದದ್ದ ಖರೆರಿ," ಅಂದಳು. "ನನಗ ಮರವು. ಎಳ್ಳಮಾಸಿ ಕೂಸು ನಮಗ ದಕ್ಕಲಿಲ್ರಿ, ಸಾಹೇಬ್ರ. ಅದು ಸತ್ತತಿ."

ಮಲ್ಲಣ್ಣ ಹೂಂ ಅಂದ. ಬರೆಯುವವನು ಹದಿನೇಳನ್ನು ಹೊಡೆದುಹಾಕಿ ಮೇಲೆ ಹತ್ತೊಂಬತ್ತು ಬರೆದ. ಒಳಬಾಗಿಲು ತೆರೆಯಿತು. ಪೇದೆ ಅರುಣನ ರಟ್ಟೆ ಹಿಡಿದ.

ಅರುಣ ಕೊಸರಾಡಲಿಲ್ಲ. ತಿರುಗಿ ನೋಡುತ್ತಲೇ ಅವನ ಹಿಂದೆ ನಡೆದ. ಬಾಗಿಲ ಹೊಸ್ತಿಲಲ್ಲಿ ಚೌಕಟ್ಟನ್ನು ಹಿಡಿದು ನಿಂತ.

"ಯವ್ವಾ," ಅಂದ. "ಎಳ್ಳಮಾಸಿ ಕೂಸು ನಾನಬೇ. ನಾ ಇಲ್ಲೇ ಅದೇನಲ್ಲ."

ಗುಂಡವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡು ಫೌಜದಾರನ ಮೇಜನ್ನೇ ನೋಡುತ್ತ ನಿಂತಳು. ಪೇದೆ ಹುಡುಗನ ಬೆರಳುಗಳನ್ನು ಚೌಕಟ್ಟಿನಿಂದ ಬಿಡಿಸಿ ಬಾಗಿಲು ಹಾಕಿಕೊಂಡ.